ಮೂರು ಸಲವೂ ಹತ್ತು

ಕಂಪ್ಯೂಟರಿನೊಳಗಿನ ಲ್ಯಾಬಿನಲ್ಲಿ ಏನೂ ಒಡೆಯುವುದಿಲ್ಲ. ಆಸಿಡ್ ಚೆಲ್ಲಿದರೆ ಕೈ ಸುಡುವುದಿಲ್ಲ, ಗ್ಯಾಸಿನ ವಾಸನೆ ಬರುವುದಿಲ್ಲ. ಬಿಳಿ ಕೋಟು ತೊಟ್ಟ ಗೊಂಬೆಯೊಂದು ಮೂಲೆಯಲ್ಲಿ ನಿಂತು, ಏನು ಒತ್ತಿದರೂ ‘ಶಹಬಾಸ್!’ ಅನ್ನುತ್ತದೆ. ಕೈ ಕೆಸರಾಗದೆಯೇ ಬಾಯಿ ಮೊಸರಾಗುವ ಜಾಗ ಇದೊಂದೇ.

ನಾನು ನಿಜವಾದ ಲ್ಯಾಬಿನ ಅಟೆಂಡರ್. ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಬ್ಯೂರೆಟ್ ತೊಳೆದಿದ್ದೇನೆ. ಬ್ಯೂರೆಟ್ ಎಂದರೆ ಗೀಟು ಹಾಕಿದ ಉದ್ದನೆಯ ಗಾಜಿನ ಕೊಳವೆ, ತುದಿಗೊಂದು ತಿರುಪು. ಅದರಿಂದ ಹನಿ ಹನಿಯಾಗಿ ಬಿಟ್ಟು, ಕೆಳಗಿನ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಎಷ್ಟು ಮಿಲಿಲೀಟರ್ ಇಳಿಯಿತೆಂದು ಬರೆಯಬೇಕು. ಮೂರು ಸಲ ಮಾಡಬೇಕು. ಮೂರು ಸಲವೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಒಂದೇ ಬಂದರೆ, ನನ್ನ ಪ್ರಕಾರ ಅದು ಕಾಪಿ. ಮೇಷ್ಟ್ರು ನನ್ನ ಮುಖ ನೋಡುತ್ತಾರೆ, ನಾನು ತಲೆಯಾಡಿಸುತ್ತೇನೆ, ಮಾರ್ಕು ಹೋಗುತ್ತದೆ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಪತ್ತೇದಾರಕ್ಕ ಅನ್ನುತ್ತಾರೆ. ಅನ್ನಲಿ.

ಈ ವರ್ಷ ಟೆಕ್ನಿಷಿಯನ್ ಹುದ್ದೆ ಖಾಲಿಯಾಗುತ್ತಿತ್ತು. ತೊಳೆಯುವುದು ತಪ್ಪುತ್ತದೆ, ನನ್ನದೇ ಮೇಜು, ನನ್ನದೇ ಕುರ್ಚಿ. ಅದಕ್ಕೆ ಡಿಗ್ರಿ ಬೇಕು. ಆನ್‌ಲೈನಿನಲ್ಲಿ ಓದಿದೆ, ಎಲ್ಲ ಪಾಸಾದೆ, ಕೊನೆಗೆ ಉಳಿದದ್ದು ಈ ಪ್ರಾಕ್ಟಿಕಲ್ ಒಂದೇ.

ಪರೀಕ್ಷೆಯ ದಿನ ಏಪ್ರನ್ ಕಟ್ಟಿಕೊಂಡು ಅಡುಗೆಮನೆಯ ಮೇಜಿಗೆ ಕೂತೆ. ಮಗಳು ಬಿದ್ದು ಬಿದ್ದು ನಕ್ಕಳು.

“ಅಮ್ಮಾ, ಲ್ಯಾಪ್‌ಟಾಪ್ ಮುಂದೆ ಏಪ್ರನ್ ಯಾಕೆ?”

“ಬಾಯಿ ಮುಚ್ಚು. ನಲ್ಲಿ ಎಲ್ಲಿದೆ ತೋರಿಸು.”

“ಯಾವ ನಲ್ಲಿ?”

“ಬ್ಯೂರೆಟ್ ತೊಳೀಬೇಡ್ವಾ?”

“ಇದರಲ್ಲಿ ತೊಳೆಯೋದೇ ಇಲ್ಲಮ್ಮ!”

ನನ್ನ ಇಪ್ಪತ್ತೆರಡು ವರ್ಷವನ್ನು ಯಾವನೋ ಪುಣ್ಯಾತ್ಮ ಒರೆಸಿಹಾಕಿದ್ದ.

ಮೊದಲ ಸಲ ಹತ್ತು ಮಿಲಿಲೀಟರಿಗೆ ಗುಲಾಬಿ ಬಣ್ಣ ಬಂತು. ಎರಡನೆಯ ಸಲವೂ ಹತ್ತು. ಮೂರನೆಯ ಸಲವೂ ಹತ್ತು. ಗೊಂಬೆ ಮೂರು ಸಲ ಶಹಬಾಸ್ ಅಂದಿತು. ನನ್ನ ಮೈ ಬೆವರಿತು. ಹೀಗೇ ಬರೆದರೆ ನೋಡುವವರು ಏನಂದುಕೊಂಡಾರು? ಮಗಳು ನೀರು ತರಲು ಎದ್ದಾಗ ರೀಡಿಂಗಿನ ಪಟ್ಟಿಯಲ್ಲಿ ಬರೆದೆ: ಹತ್ತು, ಹತ್ತು ಪಾಯಿಂಟ್ ಒಂದು, ಒಂಬತ್ತು ಪಾಯಿಂಟ್ ಒಂಬತ್ತು. ನೋಡಿ, ಎಷ್ಟು ಪ್ರಾಮಾಣಿಕವಾಗಿ ಕಾಣುತ್ತದೆ!

ಆಮೇಲೆ ವಿಡಿಯೋದಲ್ಲಿ ಪರೀಕ್ಷಕರು ಬಂದರು. ನನ್ನ ಮಗಳ ವಯಸ್ಸು ಇದ್ದೀತು.

“ಮೇಡಂ, ನೀವು ಮಾಡಿದ್ದೆಲ್ಲ ಇಲ್ಲಿ ದಾಖಲಾಗಿದೆ. ಮೂರು ಸಲವೂ ಹತ್ತೇ ಬಂದಿದೆ, ನೀವು ಬೇರೆ ಬರೆದಿದ್ದೀರಲ್ಲ? ಒತ್ತುವಾಗ ಬೆರಳು ಜಾರಿರಬೇಕು. ಹೌದು ಅನ್ನಿ, ಸರಿ ಮಾಡಿಬಿಡ್ತೀನಿ.”

ಲ್ಯಾಪ್‌ಟಾಪಿನ ಹಿಂದೆ ನಿಂತ ಮಗಳು ‘ಹೌದು ಅನ್ನು, ಹೌದು ಅನ್ನು’ ಎಂದು ಕತ್ತು ಕುಣಿಸಿದಳು. ಒಂದು ‘ಹೌದು’ ಅಂದಿದ್ದರೆ ಕುರ್ಚಿ ನನ್ನದು.

ಆಗಲೇ ಆ ಹುಡುಗಿ ನೆನಪಾಗಬೇಕೇ! ಎಷ್ಟೋ ವರ್ಷದ ಹಿಂದೆ ನಮ್ಮ ಲ್ಯಾಬಿನಲ್ಲಿ, ಎರಡು ಜಡೆಯವಳು, “ಅಕ್ಕಾ, ನಿಜವಾಗ್ಲೂ ಮೂರು ಸಲವೂ ಹಾಗೇ ಬಂತು” ಎಂದು ಅತ್ತಿದ್ದಳು. “ನನ್ನ ಕಿವಿಗೇ ಹೂ ಇಡ್ತೀಯಾ?” ಅಂದಿದ್ದೆ. ಅವಳು ಪ್ರಯೋಗ ಮಾಡುವಾಗ ನಾನು ಅತ್ತ ತಿರುಗಿಯೂ ನೋಡಿರಲಿಲ್ಲ. ಈಗ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

“ಜಾರಿಲ್ಲ ಸರ್. ಬೇಕಂತಲೇ ಬರೆದೆ. ಮೂರೂ ಒಂದೇ ಇದ್ರೆ ಕಾಪಿ ಅಂತೀರೇನೋ ಅಂತ ಹೆದರಿದೆ.”

“ಸುಳ್ಳು ರೀಡಿಂಗ್ ಬರೆದ್ರೆ ಫೇಲ್ ಮಾಡ್ಲೇಬೇಕು ಮೇಡಂ,” ಅಂದರು. ಮಾಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಗಳು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು.

ಸೋಮವಾರ ಮತ್ತೆ ಬ್ಯೂರೆಟ್ ತೊಳೆಯುತ್ತಿದ್ದೆ. ವಿದ್ಯಾರ್ಥಿನಿಯೊಬ್ಬಳು ಮೇಷ್ಟ್ರಿಗೆ ಪುಸ್ತಕ ತೋರಿಸಿದಳು. ಮೂರು ರೀಡಿಂಗೂ ಒಂದೇ. ಮೇಷ್ಟ್ರು ಎಂದಿನಂತೆ ನನ್ನ ಮುಖ ನೋಡಿದರು.

“ನಾನು ನೋಡಿಲ್ಲ ಸರ್,” ಅಂದೆ. “ಅವಳನ್ನೇ ಕೇಳಿ.”