ಗೇಟಿನ ಕಲ್ಲಿನ ಮೂರನೆಯ ಸಾಲು

ಜಯನಗರದ ಆ ಮನೆಯ ಗೇಟಿನ ಕಲ್ಲಿನಲ್ಲಿ ಇದ್ದದ್ದು ಎರಡೇ ಸಾಲು: ಮಾಧವರಾಯರ ತಂದೆಯ ಹೆಸರು, ಬಿ.ಎಸ್ಸಿ.; ರಾಯರ ಹೆಸರು, ಬಿ.ಇ. ಡಿಗ್ರಿ ಇಲ್ಲದವರಿಗೆ ಅಲ್ಲಿ ಜಾಗವಿರಲಿಲ್ಲ. ಮಗಳು ಸಂಹಿತಾ ಕೊನೆಯ ಪರೀಕ್ಷೆ ಬರೆದು ಬಂದ ವಾರವೇ, ರಿಸಲ್ಟಿಗೂ ಕಾಯದೆ, ರಾಯರು ಮೂರನೆಯ ಸಾಲು ಕೊರೆಸಿಬಿಟ್ಟರು: ‘ಸಂಹಿತಾ, ಬಿ.ಎ. ಲಿಬರಲ್ ಆರ್ಟ್ಸ್’.

ಮರುವಾರ ವಿಶ್ವವಿದ್ಯಾಲಯ ಆ ಡಿಗ್ರಿಯ ಹೆಸರನ್ನೇ ‘ಬಿ.ಎ. ಹ್ಯುಮ್ಯಾನಿಟೀಸ್’ ಎಂದು ಬದಲಿಸಿತು. ಕಾಗದವಾದರೆ ಹರಿದು ಹಾಕಬಹುದು, ಗ್ರಾನೈಟಿಗೆ ಏನು ಮಾಡುವುದು? ವಾಕಿಂಗ್ ಹೋಗುವವರೆಲ್ಲ ಆಗಲೇ ಓದಿಯಾಗಿತ್ತು. ರಾಯರು ನಾಲ್ಕು ದಿನ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದರು.

ಐದನೆಯ ದಿನ ಸಂಹಿತಾ ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಡುತ್ತಾ ಹೇಳಿದಳು: “ಅಪ್ಪ, ವಿಚಾರಿಸಿದೆ. ಹೊಸ ಹೆಸರು ಈ ವರ್ಷ ಸೇರೋರಿಗೆ. ನಮ್ಮ ಬ್ಯಾಚಿಗೆ ಹಳೇದೇ ಪ್ರಿಂಟ್ ಆಗುತ್ತೆ.”

ರಾಯರು ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿದರು. “ಸದ್ಯ, ಬದುಕಿದೆ. ಒಳ್ಳೇ ಹೆಸರು ಕಣೇ ಅದು. ಬದಲಾಯಿಸೋಕೆ ಅವರಿಗೇನು ಬಂದಿತ್ತು ರೋಗ?”

“ಮೂರು ವರ್ಷ ಯಾರು ಕೇಳಿದ್ರೂ ‘ಏನೋ ಓದ್ತಿದಾಳೆ’ ಅಂತಿದ್ದೆ ನೀನು,” ಎಂದಳು ಸಂಹಿತಾ.

ರಾಯರು ಕುರ್ಚಿಯಿಂದ ಎದ್ದರು. ಒದ್ದೆ ಬಟ್ಟೆ ತಂದು ಗೇಟಿನ ಕಲ್ಲನ್ನು ಒರೆಸತೊಡಗಿದರು. ತಂದೆಯ ಸಾಲನ್ನೂ ತಮ್ಮ ಸಾಲನ್ನೂ ಬಿಟ್ಟು, ಮೂರನೆಯದನ್ನು ಮಾತ್ರ.