ಲಾರ್ಡ್ ಸತ್ಯನಾರಾಯಣರನ್ನು ನಿಲ್ಲಿಸಿದ್ದು

ನಸುಕಿನ ನಾಲ್ಕೂಕಾಲರ ಬಸ್ಸನ್ನು ಡಿಸೆಂಬರಿನಿಂದ ನಿಲ್ಲಿಸುತ್ತೇವೆ ಎಂದು ಸ್ಟಾಪಿನ ಕಂಬಕ್ಕೆ ಹಳದಿ ಕಾಗದ ಅಂಟಿಸಿದವರು ಯಾರೋ, ಅವರು ಆ ಬಸ್ಸಿನಲ್ಲಿ ಒಂದು ದಿನವೂ ಕೂತವರಲ್ಲ. ಲಂಡನ್ನಿನ ಹ್ಯಾರೋದಿಂದ ಹೌನ್ಸ್ಲೋ ಕಡೆಗೆ ಆ ಹೊತ್ತಿನಲ್ಲಿ ಹೊರಡುವುದು ಅದೊಂದೇ. ಬೆಳಗಿನ ಪಾಳಿಯವರಿಗೆಂದು ಸರ್ಕಾರದ ಅನುದಾನದಲ್ಲಿ ಓಡುತ್ತಿತ್ತು. ಅನುದಾನ ನಿಂತಿತು, ಆದ್ದರಿಂದ ಬಸ್ಸೂ ನಿಲ್ಲುತ್ತದೆ ಎಂದು ಕಾಗದದಲ್ಲಿತ್ತು. ಕೆಳಗೆ "ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಬೇರೆ.

ವಿಮಾನದಲ್ಲಿ ಕೊಡುವ ಊಟದ ಟ್ರೇ ತುಂಬುವ ಅಡಿಗೆಮನೆಯಲ್ಲಿ ನನಗೆ ಹನ್ನೊಂದು ವರ್ಷದಿಂದ ಕೆಲಸ. ಐದು ಗಂಟೆಗೆ ಸರಿಯಾಗಿ ಟೋಪಿ ಹಾಕಿಕೊಂಡು ಸಾಲಿನಲ್ಲಿ ನಿಂತಿರಬೇಕು. ಆ ಹೊತ್ತಿಗೆ ಟ್ಯೂಬ್ ರೈಲು ಶುರುವಾಗಿರುವುದಿಲ್ಲ. ನಮಗೆ ಕಾರಿಲ್ಲ. ನನ್ನ ಗಂಡ ಶೀನಪ್ಪ ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾದರು. ಐದನೆಯ ಸಲ ಪರೀಕ್ಷೆ ಮಾಡುವವನೇ ಅರ್ಧ ದಾರಿಯಲ್ಲಿ ಇಳಿದು ನಡೆದುಕೊಂಡು ಹೋದ. ಮ್ಯಾನೇಜರ್ ಹತ್ತಿರ ಪಾಳಿ ಬದಲಿಸಿ ಕೊಡಿ ಎಂದು ಕೇಳಿದೆ. "ಬೇರೆ ಪಾಳಿ ಖಾಲಿ ಇಲ್ಲ, ಬರಲಿಕ್ಕೆ ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ" ಎಂದ. ಐವತ್ತೆರಡನೆಯ ವಯಸ್ಸಿನಲ್ಲಿ, ಏಳನೇ ಕ್ಲಾಸು ಓದಿದವಳಿಗೆ, ಲಂಡನ್ನಿನಲ್ಲಿ ಇನ್ಯಾವ ಕೆಲಸ ಕಾದು ಕೂತಿರುತ್ತದೆ? ಅವನ ಮುಖಕ್ಕೆ ಟ್ರೇ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಅದರಲ್ಲಿ ಬಿಸಿನೆಸ್ ಕ್ಲಾಸಿನ ಊಟ ಇತ್ತು.

"ನಮ್ಮವರೊಬ್ಬರು ಪಾರ್ಲಿಮೆಂಟಿನಲ್ಲಿ ಇದ್ದಾರಲ್ಲ, ಅವರಿಗೆ ಹೇಳು," ಎಂದರು ಶೀನಪ್ಪ.

ಅದು ಡಾಕ್ಟರ್ ಸತ್ಯನಾರಾಯಣರ ವಿಷಯ. ಮೈಸೂರಿನವರು, ಪಿನ್ನರಿನಲ್ಲಿ ಮನೆ. ಇಲ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ಮೇಲೆ ಅವರ ಪಕ್ಷ ಅವರನ್ನು ಮೇಲ್ಮನೆಗೆ ಕಳಿಸಿತ್ತು. ಈಗ ಅವರು ಲಾರ್ಡ್. ಪಕ್ಷ ವಿರೋಧ ಪಕ್ಷ. ವಿರೋಧ ಮಾಡುವುದೇ ಕೆಲಸ, ಅದಕ್ಕೆ ಕೂರಲಿಕ್ಕೆ ಕೆಂಪು ಚರ್ಮದ ಬೆಂಚು.

ಕನ್ನಡ ಸಂಘದ ದಸರಾ ಊಟಕ್ಕೆ ಅವರು ಬಂದಿದ್ದರು. ನಾನು ಹೋಳಿಗೆ ಬಡಿಸುತ್ತಿದ್ದೆ. ಸಾಲಿನಲ್ಲಿ ಮೂರನೆಯವರಾಗಿ ನಿಂತಿದ್ದ ಮನುಷ್ಯ "ತಾವು ಮೊದಲು, ತಾವು ಮೊದಲು" ಎನ್ನುತ್ತಾ ನೂರಿಪ್ಪತ್ತು ಜನರನ್ನು ಮುಂದೆ ಬಿಟ್ಟರು. ನನ್ನೆದುರು ಬಂದಾಗ ಪಾತ್ರೆಯಲ್ಲಿ ತುಪ್ಪ ಮಾತ್ರ ಉಳಿದಿತ್ತು. ಖಾಲಿ ತಟ್ಟೆಗೆ ತುಪ್ಪ ಹಾಕಿಸಿಕೊಂಡು "ಥ್ಯಾಂಕ್ ಯೂ ಅಮ್ಮ" ಎಂದರು.

"ಹ್ವಾಯ್, ಲಾರ್ಡ್ ಸಾಹೇಬ್ರೆ," ಎಂದೆ. "ನೀವು ಪಾರ್ಲಿಮೆಂಟಿನಲ್ಲಿ ಎಂತ ಮಾಡ್ತ್ರಿ?"

"ಪ್ರಶ್ನೆ ಕೇಳೋಣ ಅಂತ ಹೋಗ್ತೀನಮ್ಮ. ಚೀಟೀಲಿ ಬರ್ಕೊಂಡೇ ಹೋಗ್ತೀನಿ."

"ಕೇಳಿದ್ರ್ಯಾ?"

"ಇನ್ನೂ ಇಲ್ಲ."

"ಎಷ್ಟು ಸಮಯ ಆಯ್ತು ಹೋಗಲಿಕ್ಕೆ ಹಿಡಿದು?"

"ಬರೋ ತಿಂಗಳಿಗೆ ನಾಲ್ಕು ವರ್ಷ."

ಆಮೇಲೆ ಅವರೇ ವಿವರಿಸಿದರು. ಆ ಮನೆಯಲ್ಲಿ ಇಂಥವರು ಮಾತಾಡಿ ಎಂದು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲವಂತೆ. ಪ್ರಶ್ನೆಯ ಹೊತ್ತಿನಲ್ಲಿ ಕೇಳಬೇಕೆನ್ನುವವನು ಎದ್ದು ನಿಲ್ಲಬೇಕು. ಇಬ್ಬರು ಎದ್ದರೆ ಒಬ್ಬರು ಮರ್ಯಾದೆಯಿಂದ ಕೂರಬೇಕು.

"ನೀವೇ ಕೂರ್ತೀರಿ," ಎಂದೆ.

"ಅವರೂ ಏನೋ ಕೇಳ್ಬೇಕು ಅಂತ ಎದ್ದಿರ್ತಾರಲ್ಲಮ್ಮ, ಪಾಪ."

ನನಗೆ ಪಿತ್ತ ನೆತ್ತಿಗೇರಿತು. ನಾಲ್ಕು ವರ್ಷದಿಂದ ಪಾಪ ಪಾಪ ಎಂದು ಕೂತಿದ್ದಾರೆ, ಇಲ್ಲಿ ನನ್ನ ಬಸ್ಸು ಹೋಗುತ್ತಿದೆ! ಬಸ್ಸಿನ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿದರು, ಕಣ್ಣಲ್ಲಿ ನೀರು ತಂದುಕೊಂಡರು, ತಟ್ಟೆಯನ್ನು ಕೆಳಗಿಟ್ಟು ಚೀಟಿಯಲ್ಲಿ ಬರೆದುಕೊಂಡರು. ನವೆಂಬರ್ ಕೊನೆಗೆ ಆ ಅನುದಾನದ ಮೇಲೆ ಪ್ರಶ್ನೆ ಬರುತ್ತದೆ, ಆಗ ಕೇಳಬಹುದು ಎಂದರು.

"ಎದ್ದರೆ ಕೂರುವುದಿಲ್ಲ ಅಂತ ಏನು ಗ್ಯಾರಂಟಿ?"

"ಪ್ರಯತ್ನ ಪಡ್ತೀನಮ್ಮ."

ಪ್ರಯತ್ನ ಅಂತೆ. ಮುಂದಿನ ಶನಿವಾರವೇ ಶೀನಪ್ಪನನ್ನು ಎಳೆದುಕೊಂಡು ಪಿನ್ನರಿಗೆ ಹೋದೆ. ಅವರ ಹೆಂಡತಿ ಮೀರಾ ಕಾಫಿ ಕೊಟ್ಟರು. ನಾನು ಸೋಫಾ ಬದಿಗೆ ಸರಿಸಿ, ಊಟದ ಮೇಜಿನ ಎರಡು ಕುರ್ಚಿ ಎದುರುಬದುರು ಹಾಕಿಸಿದೆ. ಒಂದರಲ್ಲಿ ಲಾರ್ಡ್, ಇನ್ನೊಂದರಲ್ಲಿ ಶೀನಪ್ಪ. ನಾನು ಚಪ್ಪಾಳೆ ತಟ್ಟಿದ ಕೂಡಲೇ ಇಬ್ಬರೂ ಏಳಬೇಕು. ಮೊದಲು ಕೂತವನು ಸೋತ.

ತಟ್ಟಿದೆ. ಲಾರ್ಡ್ ಕೂತರು. ಮತ್ತೆ ತಟ್ಟಿದೆ. ಲಾರ್ಡ್ ಕೂತರು. ಮೂರನೆಯ ಸಲ ಶೀನಪ್ಪ ಏಳಲೇ ಇಲ್ಲ, ಕಾಫಿ ಕುಡಿಯುತ್ತಿದ್ದರು. ಆದರೂ ಲಾರ್ಡ್ ಎದ್ದು, ಆ ಕಡೆ ಈ ಕಡೆ ನೋಡಿ, ಕೂತರು.

"ಈಗ ಯಾರಿಗೆ ಜಾಗ ಬಿಟ್ಟದ್ದು?" ಎಂದು ಕೂಗಿದೆ.

"ಮೀರಾ ಅಡಿಗೆಮನೆಯಿಂದ ಬರ್ತಿದ್ಲಲ್ಲ," ಎಂದರು.

"ಮದುವೆಯಾದಾಗಿಂದ ಹೀಗೇ," ಎಂದರು ಮೀರಾ. "ತಾಳಿ ಕಟ್ಟೋವಾಗಲೂ ಪುರೋಹಿತರಿಗೆ ತಾವು ಮೊದಲು ಅಂದಿದ್ರು."

ಬಾಯಿಮಾತಿನಿಂದ ಆಗುವ ಕೆಲಸವಲ್ಲ ಎಂದು ನನಗೆ ಗೊತ್ತಾಯಿತು. ಮೀರಾ ಹತ್ತಿರ ತೆಂಗಿನಕಾಯಿ ತುರಿಯುವ ಹೆರಮಣೆ ಉಂಟೋ ಎಂದು ಕೇಳಿದೆ. ಇತ್ತು. ಹಿತ್ತಾಳೆ ಹಲ್ಲಿನದು, ಅವರ ಅತ್ತೆಯದಂತೆ. ತಂದು, ಲಾರ್ಡ್ ಎದ್ದು ನಿಂತ ಕೂಡಲೇ ಅವರ ಹಿಂದಿನ ಕುರ್ಚಿಯ ಮೇಲೆ ಹಲ್ಲು ಮೇಲಾಗಿ ಇಟ್ಟೆ.

"ಈಗ ಕೂರಿ ನೋಡುವ," ಎಂದೆ.

"ಅಯ್ಯೋ ಪ್ರಫುಲ್ಲಾ, ಅವರಿಗೆ ಬೈಪಾಸ್ ಆಗಿದೆ!" ಎಂದರು ಮೀರಾ.

"ಬೈಪಾಸ್ ಆದದ್ದು ಎದೆಗಲ್ಲವಾ?"

ಅವತ್ತು ಲಾರ್ಡ್ ಸತ್ಯನಾರಾಯಣ ನಲವತ್ತು ನಿಮಿಷ ಕೂರಲಿಲ್ಲ. ಶೀನಪ್ಪ ಎದ್ದರು, ಮೀರಾ ಎದ್ದರು, ಪಾರ್ಸೆಲ್ ಕೊಡಲು ಬಂದವನನ್ನೂ ಒಳಗೆ ಕರೆದು ನಿಲ್ಲಿಸಿದೆ. ಲಾರ್ಡ್ ಮೊಣಕಾಲು ಬಗ್ಗಿಸುವುದು, ಹಲ್ಲಿನ ನೆನಪಾಗಿ ಸೆಟೆದು ನಿಲ್ಲುವುದು. ಹೀಗೆ ಐದು ಶನಿವಾರ. ಕೊನೆಯ ವಾರ ಹೆರಮಣೆ ತೆಗೆದಿಟ್ಟರೂ ಅವರು ಕುರ್ಚಿಯನ್ನು ಕೈಯಿಂದ ತಡವಿ ನೋಡದೆ ಕೂರುತ್ತಿರಲಿಲ್ಲ. ಊಟಕ್ಕೂ ನಿಂತೇ ಇರುತ್ತಾರೆ ಎಂದು ಮೀರಾ ಫೋನಿನಲ್ಲಿ ದೂರಿದರು. ನಾನು ಬಹಳ ಒಳ್ಳೆಯದಾಯಿತು ಎಂದೆ.

ಪ್ರಶ್ನೆಯ ದಿನ ರಜೆ ಹಾಕಿ, ಶೀನಪ್ಪನ ಮದುವೆಯ ಕೋಟು ಇಸ್ತ್ರಿ ಮಾಡಿ, ಇಬ್ಬರೂ ವೆಸ್ಟ್‌ಮಿನ್‌ಸ್ಟರಿಗೆ ಹೋದೆವು. ಮೀರಾ ನಮ್ಮನ್ನು ಮೇಲೆ ಗ್ಯಾಲರಿಯಲ್ಲಿ ಕೂರಿಸಿಕೊಂಡರು. ಗಲಾಟೆ ಮಾಡಬಾರದು, ಚಪ್ಪಾಳೆ ಹೊಡೆಯಬಾರದು ಎಂದು ಹಿಂದೆ ಬಾಲದ ಹಾಗೆ ಇಳಿಬಿದ್ದ ಕೋಟು ಹಾಕಿದ ಒಬ್ಬ ದ್ವಾರಪಾಲಕ ಹೇಳಿದ. ಕೆಳಗೆ ಎಲ್ಲಾ ಕಡೆ ಚಿನ್ನದ ಬಣ್ಣ, ಕೆಂಪು ಬೆಂಚು. ಕೆಲವರು ಕೇಳುತ್ತಿದ್ದರು, ಕೆಲವರು ನಿದ್ದೆ ಮಾಡುತ್ತಿದ್ದರು. ನಿದ್ದೆ ಮಾಡುವವರಿಗೆ ಬೆಳಗ್ಗೆ ಐದಕ್ಕೆ ಪಾಳಿ ಇರಲಿಕ್ಕಿಲ್ಲ.

ಅನುದಾನದ ಪ್ರಶ್ನೆ ಬಂತು. ಮಂತ್ರಿ, ಬೋಳು ತಲೆಯ ಎತ್ತರದ ಮನುಷ್ಯ, ಏನೋ ಓದಿ ಕೂತ. ನಮ್ಮ ಲಾರ್ಡ್ ಎದ್ದರು. ಅದೇ ಹೊತ್ತಿಗೆ ಎದುರು ಸಾಲಿನಿಂದ ಬಿಳಿ ನಿಲುವಂಗಿಯ ಒಬ್ಬ ಬಿಷಪ್ ಎದ್ದರು. ಈ ಮನೆಯಲ್ಲಿ ಚರ್ಚಿನವರಿಗೂ ಜಾಗ ಉಂಟಂತೆ.

"ಮುಗೀತು," ಎಂದು ಮೀರಾ ಹಣೆ ಹಿಡಿದುಕೊಂಡರು. "ಬಿಷಪ್ ಎದ್ರೆ ಎಲ್ಲರೂ ಕೂರಬೇಕು. ಇಲ್ಲಿಯ ಪದ್ಧತಿ."

ಎದ್ದಿದ್ದ ಬೇರೆಯವರೆಲ್ಲ ಕೂತರು. ನಮ್ಮವರ ಮೊಣಕಾಲು ಬಗ್ಗಿತು. ಬಗ್ಗಿದ್ದು ಹಾಗೇ ಅರ್ಧದಲ್ಲಿ ನಿಂತಿತು. ಹಿಂದೆ ಕೈ ಹಾಕಿ ಬೆಂಚನ್ನು ತಡವಿದರು. ಪಕ್ಕದಲ್ಲಿ ಕೂತಿದ್ದ ಮುದುಕಿಯ ಕೈಚೀಲದ ಕೊಕ್ಕೆ ಬೆರಳಿಗೆ ಚುಚ್ಚಿತೋ ಏನೋ, ಸಟ್ಟನೆ ನೆಟ್ಟಗಾದರು. "ಬಿಷಪ್! ಬಿಷಪ್!" ಎಂದು ಸಭೆ ಕೂಗಿತು. ನಮ್ಮವರು ಕಂಬದ ಹಾಗೆ ನಿಂತರು. ಬಿಷಪ್ ಸ್ವಲ್ಪ ಹೊತ್ತು ನೋಡಿ, ನಕ್ಕು, ತಾವೇ ಕೂತರು.

ಆಗ ನಮ್ಮವರು ಕೇಳಿದರು. ನಸುಕಿನ ಬಸ್ಸು ನಿಂತರೆ ವಿಮಾನದ ಊಟ ಕಟ್ಟುವವರು ಯಾರು, ಆಸ್ಪತ್ರೆಯ ನೆಲ ಒರೆಸುವವರು ಯಾರು? ಒಂದು ಬಸ್ಸು ನಿಲ್ಲಿಸಿ ಸರ್ಕಾರ ಎಷ್ಟು ಉಳಿಸುತ್ತದೆ, ಅರವತ್ತು ಜನ ಕೆಲಸ ಕಳೆದುಕೊಂಡು ನಿರುದ್ಯೋಗ ಭತ್ಯೆಗೆ ಬಂದರೆ ಎಷ್ಟು ಕಳೆಯುತ್ತದೆ? ಈ ಲೆಕ್ಕವನ್ನು ಮಂತ್ರಿಗಳು ಮಾಡಿದ್ದಾರೆಯೇ?

ಮಂತ್ರಿ ಎದ್ದ. ಮಂತ್ರಿ ಉತ್ತರ ಹೇಳುವಾಗ ಕೇಳಿದವನು ಕೂರಬೇಕು. ನಮ್ಮವರು ಕೂರಲಿಲ್ಲ. ಕೂರಲಿಕ್ಕೆ ಅವರಿಗೆ ಆಗುತ್ತಲೇ ಇರಲಿಲ್ಲ!

"ವಿಷಯವನ್ನು ಸರ್ಕಾರ ಗಮನಿಸುತ್ತಿದೆ," ಎಂದ ಮಂತ್ರಿ. ಅಷ್ಟೇ ಹೇಳಿ ಕೂರುವವನಿದ್ದ. ತಲೆ ಎತ್ತಿ ನೋಡಿದರೆ ಲಾರ್ಡ್ ನಿಂತೇ ಇದ್ದಾರೆ, ನೋವು ತಿಂದ ಮುಖ ಮಾಡಿಕೊಂಡು. ಉತ್ತರ ಸಾಲದು ಎಂದುಕೊಂಡ.

"ಮಾನ್ಯ ಲಾರ್ಡ್ ಅವರಿಗೆ ಪತ್ರ ಬರೆಯುತ್ತೇನೆ," ಎಂದ.

ನಮ್ಮವರು ನಿಂತೇ ಇದ್ದರು.

"ನಾನೇ ಖುದ್ದು ಅವರನ್ನು ಭೇಟಿಯಾಗುತ್ತೇನೆ."

"ಕೂರಿ!" ಎಂದು ಸರ್ಕಾರದ ಕಡೆಯಿಂದ ಯಾರೋ ಕೂಗಿದರು. ವಿರೋಧ ಪಕ್ಷದವರಿಗೆ ಖುಷಿಯಾಗಿ "ನಿಲ್ಲಿ! ನಿಲ್ಲಿ!" ಎಂದರು. ಮಲಗಿದ್ದವರೂ ಎದ್ದರು. ಮಂತ್ರಿಯ ಬೋಳು ತಲೆ ಬೆಂಚಿನ ಬಣ್ಣಕ್ಕೆ ತಿರುಗಿತು. ಹಿಂದಿನಿಂದ ಯಾರೋ ಚೀಟಿ ಕೊಟ್ಟರು. ಅದನ್ನು ಓದಿ, "ಮರುಪರಿಶೀಲನೆ ಮುಗಿಯುವವರೆಗೆ ಬಸ್ಸನ್ನು..." ಎಂದ.

ಅಷ್ಟರಲ್ಲಿ ನಾನು ಎದ್ದು ಚಪ್ಪಾಳೆ ಹೊಡೆದಿದ್ದೆ. ಶಿಳ್ಳೆ ಹೊಡೆದದ್ದು ಶೀನಪ್ಪ. ಬಾಲದ ಕೋಟಿನವನು ನಮ್ಮಿಬ್ಬರನ್ನೂ ಹೊರಗೆ ನಡೆಸಿದ. ಬಹಳ ಮರ್ಯಾದೆಯಿಂದ, ಆದರೆ ಮೊಣಕೈ ಹಿಡಿದು.

ಕೆಳಗಿನ ಕಲ್ಲಿನ ಹಜಾರದಲ್ಲಿ ಇಪ್ಪತ್ತು ನಿಮಿಷ ಕಾದೆವು. ಬಸ್ಸನ್ನು ಏನು ಮಾಡುತ್ತಾರೆ ಎಂಬ ಮಾತೇ ನನ್ನ ಕಿವಿಗೆ ಬಿದ್ದಿರಲಿಲ್ಲ. ನನ್ನ ಚಪ್ಪಾಳೆಯನ್ನು ನಾನೇ ಶಪಿಸಿಕೊಂಡೆ. ಕೊನೆಗೆ ಲಾರ್ಡ್ ಬಂದರು, ಮೀರಾ ಅವರ ತೋಳು ಹಿಡಿದಿದ್ದರು. ಮುಖ ಬೆವತಿತ್ತು, ಟೈ ಕಿವಿಯ ಹತ್ತಿರ ಹೋಗಿತ್ತು, ಆದರೆ ಅಂಥ ನಗು ಅವರ ಮುಖದಲ್ಲಿ ನಾನು ನೋಡಿರಲಿಲ್ಲ.

"ಬಸ್ಸು ಉಳೀತು ಪ್ರಫುಲ್ಲಾ! ಮಾರ್ಚ್ ಕೊನೆಯವರೆಗೂ ಓಡತ್ತೆ ಅಂತ ಸಭೇಲೇ ಒಪ್ಕೊಂಡ್ರು."

ಕೈಯೆತ್ತಿ ದೇವರಿಗೆ ಮುಗಿದೆ. ಮರುಕ್ಷಣ ತಲೆಗೆ ಹತ್ತಿತು.

"ಮಾರ್ಚ್?" ಎಂದೆ. "ಮಾರ್ಚ್ ಮಾತ್ರವಾ? ಆಮೇಲೆ ನೀವು ಎಂತ ಮಾಡಿದ್ರಿ?"

"ಆಮೇಲೆ ಕೂತ್ಕೊಂಡೆ."

"ಎಂತಕ್ಕೆ ಕೂತದ್ದು? ಇನ್ನು ಹತ್ತು ನಿಮಿಷ ನಿಂತಿದ್ದರೆ ಎರಡು ವರ್ಷಕ್ಕೆ ಒಪ್ಪುತ್ತಿದ್ದನಲ್ಲ ಆ ಮನುಷ್ಯ!"

"ಕಾಲು ನೋಯ್ತಿತ್ತಮ್ಮ," ಎಂದರು ಲಾರ್ಡ್ ಸತ್ಯನಾರಾಯಣ, ಮೆಲ್ಲಗೆ. ಮತ್ತೆ ಒಂದು ಕ್ಷಣ ಯೋಚಿಸಿ, ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರನ್ನೋ ಗದರಿಸಿದರು. "ನೀವು ನಿಂತು ನೋಡಿ, ಗೊತ್ತಾಗತ್ತೆ!"

"ದಿನಾ ಎಂಟು ಗಂಟೆ ನಿಲ್ಲುತ್ತೇನೆ, ಟ್ರೇ ಎದುರಿಗೆ," ಎಂದೆ.

ಅದಕ್ಕೆ ಅವರು ಜೇಬಿನಿಂದ ಡೈರಿ ತೆಗೆದು, ಫೆಬ್ರವರಿಯ ಹಾಳೆಗಳನ್ನು ತಿರುವಿ, "ಹದಿನಾರನೇ ತಾರೀಕು ಮತ್ತೆ ಪ್ರಶ್ನೆ ಹಾಕಿಸ್ತೀನಿ," ಎಂದರು. ಮೀರಾ ನಮಗೆ ಟೀ ಕುಡಿದು ಹೋಗಿ ಎಂದರು. ಶೀನಪ್ಪನಿಗೆ ಪಾರ್ಲಿಮೆಂಟಿನ ಟೀ ಕುಡಿಯುವ ಬಹಳ ಆಸೆ. ನಾನು ಬೇಡವೆಂದೆ. ಗಂಟೆ ಮೂರೂವರೆ ಆಗಿತ್ತು, ಅನ್ನ ಆಗಬೇಕು, ಎಂಟಕ್ಕೆ ಮಲಗಬೇಕು, ನಾಳೆ ನಾಲ್ಕೂಕಾಲಿಗೆ ಬಸ್ಸುಂಟು.