ಟಿಬೆಟ್ ಕಡುಬಿನ ಪಾತ್ರೆ

ನಾನು ಒಂದು ಅಲ್ಯೂಮಿನಿಯಂ ಪಾತ್ರೆ. ಕೆಳಗೆ ನೀರು ಕುದಿಯುವುದಕ್ಕೆ ಒಂದು ಡಬರಿ, ಅದರ ಮೇಲೆ ತೂತು ತೂತಿನ ಎರಡು ತಟ್ಟೆ, ತಲೆಯ ಮೇಲೊಂದು ಮುಚ್ಚಳ. ಇಷ್ಟೇ ನನ್ನ ಮೈ. ಓಹೋ, ಇಡ್ಲಿ ಪಾತ್ರೆಯೋ ಅಂತೀರಿ. ನೋಡಿದವರೆಲ್ಲ ಹಾಗೇ ಅನ್ನುವುದು. ಇಡ್ಲಿ ಪಾತ್ರೆಗೆ ಕುಳಿ ಇರುತ್ತವೆ ಸ್ವಾಮಿ, ನನ್ನ ತಟ್ಟೆ ಚಪ್ಪಟೆ. ನಾನು ಹುಟ್ಟಿದ್ದು ಮೊಮೊ ಬೇಯಿಸುವುದಕ್ಕೆ, ಅಂದರೆ ಹೂರಣ ತುಂಬಿದ ಟಿಬೆಟಿನವರ ಕಡುಬು.

ಹುಟ್ಟೂರು ಕಾಲಿಂಪೊಂಗ್, ಹಿಮಾಲಯದ ತಪ್ಪಲಿನ ಪೇಟೆ. ಒಂದು ಕಣ್ಣು ಮಂಜಾಗಿದ್ದ ಮುದುಕನೊಬ್ಬ ನನ್ನನ್ನು ತಗಡಿನಿಂದ ತಟ್ಟಿ ತಟ್ಟಿ ಮಾಡಿದ. ತೂತುಗಳನ್ನು ಮೊಳೆ ಇಟ್ಟು ಸುತ್ತಿಗೆಯಲ್ಲಿ ಒಂದೊಂದಾಗಿ ಹೊಡೆದ. ಒಂದೊಂದು ಏಟಿಗೂ ಜೀವ ಬಾಯಿಗೆ ಬರುತ್ತಿತ್ತು. ಕಣ್ಣು ಕಾಣದೆ ಹೊಡೆದದ್ದಕ್ಕೆ ನನ್ನ ತೂತುಗಳ ಸಾಲು ಸೊಟ್ಟಸೊಟ್ಟ. ಅಂಥ ಸೊಟ್ಟ ಸಾಲು ಬೇರೆ ಯಾವ ಪಾತ್ರೆಗೂ ಇರಲಾರದು.

ನನ್ನನ್ನು ಕೊಂಡವಳು ಊರು ಬಿಟ್ಟು ಬಂದಿದ್ದ ಟಿಬೆಟಿನ ಹೆಂಗಸು. ಮಕ್ಕಳು ಅವಳನ್ನು ಅಮಾಲಾ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಅಮ್ಮ ಅಂತ ಅರ್ಥ. ಕಂಬಳಿ ಗಂಟಿನೊಳಗೆ ನನ್ನನ್ನು ತುರುಕಿ, ದಿನಗಟ್ಟಲೆ ರೈಲಿನಲ್ಲಿ ಹೊತ್ತುಕೊಂಡು ಬಂದು ಬೈಲುಕುಪ್ಪೆಯ ಕ್ಯಾಂಪಿನಲ್ಲಿ ಇಳಿಸಿದಳು. ಆಗ ಅಲ್ಲಿ ಬರೀ ಕಾಡು, ಆನೆ, ಸೊಳ್ಳೆ. ಕಾಡು ಕಡಿದು ಜೋಳ ಬೆಳೆದರು. ಹಬ್ಬ ಬಂದರೆ ಅಮಾಲಾ ನನ್ನನ್ನು ಒಲೆಗೇರಿಸಿ ಮಾಂಸದ ಮೊಮೊ ಬೇಯಿಸುತ್ತಿದ್ದಳು. ಸುಳ್ಳು ಯಾಕೆ ಹೇಳಲಿ? ಇಪ್ಪತ್ತೈದು ವರ್ಷ ನಾನು ಮಾಂಸ ಬೇಯಿಸಿದ್ದೇನೆ. ಅದೊಂದು ತಪ್ಪು ಅಂತ ನನಗೆ ಯಾರೂ ಹೇಳಿರಲಿಲ್ಲ.

ಅಮಾಲಾ ತೀರಿಹೋದಳು. ಮಗಳು ಯಾಂಗ್ಚೆನ್ ಕ್ಯಾಂಪಿನ ರಸ್ತೆಯಲ್ಲಿ ಎರಡು ಬೆಂಚಿನ ಹೋಟೆಲು ಇಟ್ಟಳು. ಅಲ್ಲಿಗೇ ಒಂದು ಭಾನುವಾರ ದಾಕ್ಷಾಯಣಿ ಬಂದದ್ದು.

ದಾಕ್ಷಾಯಣಿ ಪಿರಿಯಾಪಟ್ಟಣದ ಸೊಸೆ. ಲಿಂಗಪೂಜೆ ಆಗದೆ ತೊಟ್ಟು ನೀರು ಬಾಯಿಗೆ ಹಾಕದ ಮನೆ. ಗಂಡ ಗುರುಮಲ್ಲಪ್ಪ ಹೊಗೆಸೊಪ್ಪಿನ ಮಂಡಿಯಲ್ಲಿ ಗುಮಾಸ್ತ. ಅತ್ತೆ ಚೆನ್ನಾಜಮ್ಮ. ಈ ದಾಕ್ಷಾಯಣಿಗೆ ಅಡುಗೆಯೆಂದರೆ ಪ್ರಾಣ. ಕೆಲವರಿಗೆ ಒಡವೆ, ಕೆಲವರಿಗೆ ಸೀರೆ, ಇವಳಿಗೆ ನಾಲಿಗೆಗೆ ಹೊಸದೊಂದು ರುಚಿ ತಗುಲಿದರೆ ಸಾಕು, ಆವತ್ತೆಲ್ಲ ಮುಖ ಅರಳಿರುತ್ತಿತ್ತು. ಗಂಡನ ಸ್ಕೂಟರಿನಲ್ಲಿ ಟಿಬೆಟಿನವರ ಮಠ, ಆ ಗೊಂಪ, ನೋಡಲು ಬಂದವಳು, ಮಾಂಸ ಇಲ್ಲ ತಾನೆ ಅಂತ ಮೂರು ಸಲ ಕೇಳಿ, ತರಕಾರಿ ಥುಕ್ಪಾ ತರಿಸಿಕೊಂಡಳು. ಕೈಯಲ್ಲೇ ಹೊಸೆದ ಶಾವಿಗೆ ಹಾಕಿದ ಬಿಸಿ ಬಿಸಿ ಸಾರು ಅದು. ಎರಡು ಗುಟುಕು ಕುಡಿದವಳೇ ಬಟ್ಟಲು ಹಿಡಿದುಕೊಂಡು ಸೀದಾ ಅಡುಗೆಮನೆಯ ಬಾಗಿಲಿಗೇ ಬಂದುಬಿಟ್ಟಳು.

"ಅಕ್ಕ, ಇದಕ್ಕೆ ಏನ್ ಹಾಕಿದೀರಿ? ಶುಂಠಿ ಗೊತ್ತಾಯ್ತು, ಬೆಳ್ಳುಳ್ಳಿ ಗೊತ್ತಾಯ್ತು. ಇನ್ನೊಂದೇನೋ ಇದೆಯಲ್ಲ, ನಾಲಿಗೆ ಜುಮ್ಮನ್ನುತ್ತೆ!"

ಯಾಂಗ್ಚೆನ್ ನಕ್ಕಳು. ಅದು ನಮ್ಮ ಊರ ಕಡೆಯ ಒಂದು ಥರ ಕಾಳುಮೆಣಸು ಅಂತ ಡಬ್ಬಿ ತೆಗೆದು ತೋರಿಸಿದಳು. ಅಷ್ಟೇ, ಇಬ್ಬರೂ ಗಂಟು ಬಿದ್ದರು. ಆಮೇಲೆ ತಿಂಗಳಿಗೆ ಎರಡು ಭಾನುವಾರವಾದರೂ ಸ್ಕೂಟರು ಬರುತ್ತಿತ್ತು. ಮೈದಾ ಹಿಟ್ಟು ಎಷ್ಟು ಹೊತ್ತು ನಾದಬೇಕು, ಹಾಳೆ ಲಟ್ಟಿಸುವಾಗ ಅಂಚು ತೆಳ್ಳಗೆ ನಡು ದಪ್ಪಗೆ ಯಾಕೆ ಇರಬೇಕು, ಮಡಿಕೆ ಹೇಗೆ ಹಾಕಬೇಕು, ಎಲ್ಲ ಕಲಿತಳು. ಗುರುಮಲ್ಲಪ್ಪ ಹೊರಗಿನ ಬೆಂಚಿನಲ್ಲಿ ಕೂತು ಪ್ಲೇಟಿನ ಮೇಲೆ ಪ್ಲೇಟು ತಿನ್ನುತ್ತಿದ್ದ. ಅವನು ತರಿಸುತ್ತಿದ್ದದ್ದು ತರಕಾರಿಯದೇ ಅಂತ ದಾಕ್ಷಾಯಣಿ ನಂಬಿದ್ದಳು.

ಯಾಂಗ್ಚೆನ್ ಹೋಟೆಲಿಗೆ ದೊಡ್ಡದೊಂದು ಸ್ಟೀಲಿನ ಪಾತ್ರೆ ತಂದ ಮೇಲೆ ನನ್ನನ್ನು ದಾಕ್ಷಾಯಣಿಯ ಕೈಗಿಟ್ಟಳು. "ಅಮಾಲಾದು. ನೀನು ಇಟ್ಕೋ. ನಿನ್ನಷ್ಟು ಆಸೆಯಿಂದ ಯಾರೂ ಮಾಡಲ್ಲ."

ದಾಕ್ಷಾಯಣಿ ತೆಗೆದುಕೊಂಡಳು, ಆದರೆ ಮುಖ ಸಣ್ಣದಾಯಿತು. ಹೊರಗೆ ಬಂದು ಗಂಡನ ಕಿವಿಯಲ್ಲಿ ಹೇಳಿದಳು. "ರೀ, ಇದರಲ್ಲಿ ಮಾಂಸ ಬೇಯಿಸಿದಾರಂತೆ. ಅತ್ತೆಗೆ ಏನ್ ಹೇಳ್ಲಿ? ಬೇಡ, ವಾಪಸ್ ಕೊಟ್ಬಿಡ್ತೀನಿ."

"ಅಯ್ಯೋ ನಿನ್ನ! ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಆಯ್ತು," ಅಂದ ಗುರುಮಲ್ಲಪ್ಪ. "ಅವ್ವಂಗೆ ಹೊಸದು ಅಂತ ಹೇಳು. ಅವಳೇನು ಕ್ಯಾಂಪಿಗೆ ಬಂದು ಕೇಳ್ತಾಳಾ?"

ಈ ಮಾತು ನಾನು ಕಿವಿಯಾರೆ ಕೇಳಿದ್ದು. ಸ್ಕೂಟರಿನ ಮುಂದೆ, ಅವನ ಕಾಲಿನ ಹತ್ತಿರವೇ ನನ್ನನ್ನು ಇಟ್ಟಿದ್ದರು.

ಹೊಸ ಮನೆಯ ಒಲೆ ಏರುವ ಮುಂಚೆ ನನಗೆ ಆದ ಸ್ನಾನ ಯಾವ ದೇವರಿಗೂ ಆಗಿರಲಾರದು. ಹುಣಸೆಹಣ್ಣು, ಬೂದಿ, ಕುದಿನೀರು, ಮತ್ತೆ ಹುಣಸೆಹಣ್ಣು. ಮೂರು ದಿನ ಬಿಸಿಲು. ದಾಕ್ಷಾಯಣಿ ಬೇಕಾಬಿಟ್ಟಿ ಮಾಡುವವಳಲ್ಲ. ಅತ್ತೆಯ ಮಡಿಯ ಮೇಲೆ ಅವಳಿಗೂ ಗೌರವವಿತ್ತು, ಅಳುಕಿತ್ತು. ಅಳುಕಿಗಿಂತ ಆಸೆ ಒಂದು ಹಿಡಿ ಜಾಸ್ತಿ ಇತ್ತು, ಅಷ್ಟೇ ಅವಳ ತಪ್ಪು.

ಆಮೇಲಿನ ನಾಲ್ಕು ವರ್ಷ, ಆಹಾ! ನನ್ನ ಇಡೀ ಆಯುಷ್ಯದಲ್ಲಿ ಅಂಥ ನಾಲ್ಕು ವರ್ಷ ಇಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ ಸೊಪ್ಪಿನ ಸಾರು, ಅದೆಲ್ಲ ಆಗಲೇಬೇಕು. ಅದು ಮುಗಿದ ಮೇಲೆ ಭಾನುವಾರದ ಸಂಜೆ ಅವಳದು. ಕೋಸು, ಕ್ಯಾರೆಟ್ಟು ಸಣ್ಣಗೆ ಹೆಚ್ಚಿ ಮೊಮೊ ಮಾಡಿದಳು. ಅವರೇಕಾಯಿ ಕಾಲ ಬಂತು. ಹಿತಕಿದ ಬೇಳೆಗೆ ತೆಂಗಿನಕಾಯಿ, ಹಸಿಮೆಣಸು, ಆ ಜುಮ್ಮನ್ನುವ ಕಾಳು ಎರಡೇ ಎರಡು ಕುಟ್ಟಿ ಹಾಕಿ ಹೂರಣ ಮಾಡಿ, ನನ್ನ ತಟ್ಟೆಯ ಮೇಲೆ ಸಾಲಾಗಿ ಕೂರಿಸಿದಳು. ಮುಚ್ಚಳ ತೆಗೆದಾಗ ಎದ್ದ ಆ ಸೊಗಡು! ಕಾಲಿಂಪೊಂಗಿನ ಮುದುಕ ಕನಸಿನಲ್ಲೂ ಮೂಸಿರಲಾರ. ಒಂದೊಂದು ಸಲ ಅವಳು ಒಲೆಯ ಮುಂದೆ ನಿಂತು ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಬೇರೆ ಯಾರಿಗೂ ತೋರಿಸದ ನಗು ಅದು.

ಚೆನ್ನಾಜಮ್ಮ ಮೊದಮೊದಲು ಮೂಗು ಮುರಿದರು. "ಏನವ್ವಾ ಇದು, ನಮ್ ಕಡುಬು ಸಾಲದು ಅಂತ ಇದೊಂದು ಟಿಬೆಟ್ ಕಡುಬಾ?" ಅಂದರು. ಒಂದು ತಿಂದರು. ಇನ್ನೆರಡು ಹಾಕಿಸಿಕೊಂಡರು. ಆಮೇಲೆ ಭಾನುವಾರ ಬಂದರೆ ಅವರೇ ಹಜಾರದಿಂದ "ನೀರು ಇಟ್ಟಾಯ್ತಾ?" ಅಂತ ಕೂಗುತ್ತಿದ್ದರು. ಪಕ್ಕದ ಮನೆಯವರ ಮುಂದೆ "ನಮ್ ಸೊಸೆ ಕೈ ಮುಟ್ಟಿದ್ರೆ ಮುಗೀತು" ಅನ್ನುವುದು ಬೇರೆ. ಪಾತ್ರೆ ಎಲ್ಲಿಯದು ಅಂತ ಯಾರಾದರೂ ಕೇಳಿದರೆ "ಹೊಸದು, ಬೈಲುಕುಪ್ಪೆಯಿಂದ ತರಿಸಿದ್ದು" ಅನ್ನುತ್ತಿದ್ದರು. ಆಗೆಲ್ಲ ದಾಕ್ಷಾಯಣಿ ತಲೆ ಬಗ್ಗಿಸಿ ಹಿಟ್ಟು ನಾದುತ್ತಿದ್ದಳು.

ಐದನೆಯ ವರ್ಷ, ಅವರೇಕಾಯಿ ಕಾಲದಲ್ಲೇ, ಚೆನ್ನಾಜಮ್ಮನ ಇಬ್ಬರು ತಂಗಿಯರು ಬಂದಿದ್ದರು. ಟಿಬೆಟ್ ಕಡುಬು ತಿನ್ನಿಸುತ್ತೇನೆ ಅಂತ ಅಕ್ಕನೇ ಕರೆಸಿಕೊಂಡದ್ದು. ಎಲ್ಲರೂ ಸಾಲಾಗಿ ಕೂತು ತಿನ್ನುತ್ತಿದ್ದಾರೆ, ಗುರುಮಲ್ಲಪ್ಪನೂ ಇದ್ದಾನೆ. ಆ ಹೊತ್ತಿಗೆ ಬಾಗಿಲಲ್ಲಿ ಯಾಂಗ್ಚೆನ್. ಅವರ ಹೊಸ ವರ್ಷದ ಹಬ್ಬಕ್ಕೆ ದಾಕ್ಷಿಯನ್ನು ಕರೆದು ಹೋಗೋಣ ಅಂತ ಬಸ್ಸು ಹತ್ತಿ ಬಂದಿದ್ದಳು. ಒಳಗೆ ಬಂದವಳು ನನ್ನನ್ನು ನೋಡಿದಳು. ಸೊಟ್ಟ ತೂತಿನ ಸಾಲು ಅವಳು ಮರೆತಾಳೆಯೇ? ಕಣ್ಣಲ್ಲಿ ನೀರು ಬಂತು.

"ಅಯ್ಯೋ, ನಮ್ಮ ಅಮಾಲಾ ಪಾತ್ರೆ! ಎಷ್ಟು ಚೆನ್ನಾಗಿ ಇಟ್ಟಿದೀಯ ದಾಕ್ಷಿ! ಅಮ್ಮ, ನಿಮಗೆ ಗೊತ್ತಾ, ಹಬ್ಬದ ದಿನ ನಮ್ಮ ಅಮಾಲಾ ಇದರಲ್ಲಿ ಮಾಂಸದ ಮೊಮೊ ಮಾಡ್ತಿದ್ರು. ಕ್ಯಾಂಪಿನಲ್ಲೆಲ್ಲ ಹೆಸರು!"

ಪಾಪ, ಅವಳು ಪ್ರೀತಿಯಿಂದಲೇ ಹೇಳಿದಳು. ತನ್ನ ತಾಯಿಯ ಪಾತ್ರೆಯನ್ನು ಹೊಗಳುವುದಕ್ಕೆ ಅವಳಿಗೆ ಅದಕ್ಕಿಂತ ದೊಡ್ಡ ಮಾತು ಗೊತ್ತಿರಲಿಲ್ಲ.

ಚೆನ್ನಾಜಮ್ಮನ ಬಾಯಲ್ಲಿ ತುತ್ತಿತ್ತು. ನುಂಗಲಿಲ್ಲ. ಮನೆಗೆ ಬಂದವಳ ಎದುರಿಗೆ ಉಗುಳಲೂ ಇಲ್ಲ. ತುಟಿ ಬಿಗಿದುಕೊಂಡೇ ಎದ್ದು ಹೋಗಿ ಅರಿಸಿನ ಕುಂಕುಮದ ತಟ್ಟೆ ತಂದು ಯಾಂಗ್ಚೆನ್‌ಗೆ ಕೊಟ್ಟು, ತಲೆಯಾಡಿಸಿ ಕಳಿಸಿದರು. ಗೇಟು ಹಾಕಿದ ಸದ್ದಾದ ಮೇಲೆ ಬಚ್ಚಲಿಗೆ ಓಡಿದರು. ತಂಗಿಯರೂ ಹಿಂದೆಯೇ ಓಡಿದರು.

ವಾಪಸು ಬಂದು ಚೆನ್ನಾಜಮ್ಮ ಸೊಸೆಯನ್ನು ನೋಡಲಿಲ್ಲ. ಮಗನನ್ನು ಕೇಳಿದರು. "ಗುರುಮಲ್ಲ, ಇವಳು ಹೊಸದು ಅಂದಿದ್ಲು. ನಿಂಗೆ ಗೊತ್ತಿತ್ತಾ?"

ದಾಕ್ಷಾಯಣಿ ಗಂಡನ ಮುಖ ನೋಡಿದಳು. ನಾನೂ ನೋಡಿದೆ. ಒಲೆಯ ಮೇಲೆ ನನ್ನ ನೀರು ಇನ್ನೂ ಕುದಿಯುತ್ತಿತ್ತು. ಹೇಳು ಮಾರಾಯ, ನನಗೂ ಗೊತ್ತಿತ್ತು ಅಂತ ಒಂದು ಮಾತು ಹೇಳು ಅಂತ ನಾನು ಒಳಗೊಳಗೇ ಒದ್ದಾಡಿದೆ.

ಅವನ ಬೆರಳ ತುದಿಯಲ್ಲಿ ಅರ್ಧ ತಿಂದ ಮೊಮೊ ಇತ್ತು. ಅದನ್ನು ಮೆಲ್ಲಗೆ ತಟ್ಟೆಯಲ್ಲಿ ಇಟ್ಟ. "ನಂಗೇನ್ ಗೊತ್ತವ್ವ? ಹೆಂಗಸರ ಪಾತ್ರೆ ಪಡಗದ ವಿಚಾರ ನಾನ್ಯಾಕೆ ನೋಡ್ಲಿ?"

ಥೂ! ಪಾತ್ರೆಗಳಿಗೆ ಉಗುಳಲು ಬರುವುದಿಲ್ಲ, ಬಂದಿದ್ದರೆ ಆವತ್ತು ಉಗುಳುತ್ತಿದ್ದೆ. ಗಂಡನೇ ಸುಳ್ಳು ಹೇಳಿಕೊಟ್ಟದ್ದು ಅಂತ ದಾಕ್ಷಾಯಣಿ ಹೇಳಿದರೆ ಅದಕ್ಕೇನು ಬೆಲೆ? ಅವನಾಗಿ ಹೇಳಬೇಕಿತ್ತು. ಅವನು ಕೈ ತೊಳೆಯಲು ಎದ್ದು ಹೋದ.

ಚೆನ್ನಾಜಮ್ಮ ಮೂರು ದಿನ ಉಪವಾಸ ಬಿದ್ದರು. ಅಡುಗೆಮನೆಯ ಡಬ್ಬಿ ಸೌಟುಗಳೆಲ್ಲ ಹಿತ್ತಿಲಿಗೆ ಬಂದು ತೊಳೆಸಿಕೊಂಡು ಹೋದವು. ಆ ಮುದುಕಿಯ ಮೇಲೆ ನನಗೆ ಕೋಪವಿಲ್ಲ. ನಂಬಿದ್ದರು, ನಂಬಿಕೆ ಮುರಿಯಿತು, ನೊಂದರು. ಆದರೆ ಶಿಕ್ಷೆಯೆಲ್ಲ ಒಬ್ಬಳ ತಲೆಗೇ ಬಿತ್ತು. ಅಂದಿನಿಂದ ಅವರು ಅಡುಗೆಮನೆಯ ಹೊಸಿಲಲ್ಲಿ ಮಣೆ ಹಾಕಿಕೊಂಡು ಕೂತರು. ಸೊಸೆ ಏನು ಹೆಚ್ಚುತ್ತಾಳೆ, ಏನು ಬೇಯಿಸುತ್ತಾಳೆ, ಯಾವ ಡಬ್ಬಿ ಮುಟ್ಟುತ್ತಾಳೆ, ಎಲ್ಲ ಅವರ ಕಣ್ಣೆದುರಿಗೇ. "ಸುಳ್ಳಿ ಕೈ ಅನ್ನ" ಅಂತ ತುತ್ತು ತುತ್ತಿಗೂ ಅನ್ನುತ್ತಿದ್ದರು. ಬೈಲುಕುಪ್ಪೆಯ ಕಡೆಗೆ ಸ್ಕೂಟರು ಮತ್ತೆ ತಿರುಗಲಿಲ್ಲ. ಯಾಂಗ್ಚೆನ್‌ಗೆ ಯಾಕೆ ಅಂತ ಕೊನೆಗೂ ತಿಳಿದಿರಲಾರದು.

ನನ್ನನ್ನು ಹಿತ್ತಿಲ ಸೌದೆಮನೆಗೆ ಎಸೆದರು. ಅಲ್ಲಿ ನನಗೆ ಇನ್ನೊಂದು ಚೆಂದ ನೋಡುವ ಭಾಗ್ಯ ಬಂತು. ಶನಿವಾರ ಮಂಡಿಯಿಂದ ಬರುವಾಗ ಗುರುಮಲ್ಲಪ್ಪ ಮುಂಬಾಗಿಲಿಗೆ ಹೋಗುತ್ತಿರಲಿಲ್ಲ. ಸೌದೆಮನೆಯ ಪಕ್ಕದ ನಲ್ಲಿಯಲ್ಲಿ ಗಳಗಳ ಬಾಯಿ ಮುಕ್ಕಳಿಸಿ, ಕೈ ಉಜ್ಜಿ, ಎರಡು ಏಲಕ್ಕಿ ಅಗಿದು ಒಳಗೆ ಹೋಗುತ್ತಿದ್ದ. ಆ ವಾಸನೆ ನನಗೆ ತಿಳಿಯದೇ? ಇಪ್ಪತ್ತೈದು ವರ್ಷ ಅದರಲ್ಲೇ ಬೆಂದವನನ್ನು ಕೇಳಿ. ತಿನ್ನಲಿ, ಅದು ಅವನ ನಾಲಿಗೆ. ಆದರೆ ಒಳಗೆ ಹೋಗಿ ಅವ್ವನ ಪಕ್ಕ ಕೂತು, ಅವರು ಸೊಸೆಯನ್ನು ಬಯ್ಯುವಾಗ "ಹೂಂ ಅವ್ವ, ಇವಳು ಹಂಗ್ ಮಾಡ್ಬಾರ್ದಿತ್ತು" ಅನ್ನುತ್ತಿದ್ದನಲ್ಲ, ಆ ದನಿ ಗೋಡೆ ದಾಟಿ ನನಗೆ ಕೇಳುತ್ತಿತ್ತು.

ದಾಕ್ಷಾಯಣಿ ಸೌದೆ ತೆಗೆದುಕೊಳ್ಳಲು ಬರುತ್ತಿದ್ದಳು. ಮೊದಮೊದಲು ನನ್ನನ್ನು ಒಂದು ಗಳಿಗೆ ನೋಡುತ್ತಿದ್ದಳು. ಆಮೇಲೆ ಅದೂ ನಿಂತಿತು. ಮನೆಯಿಂದ ಬರುತ್ತಿದ್ದ ಒಗ್ಗರಣೆಯ ಘಮ ದಿನಾ ಒಂದೇ. ಸೋಮವಾರದ ಸಾರೂ ಶುಕ್ರವಾರದ ಸಾರೂ ಒಂದೇ. ಉಪ್ಪು ಖಾರ ಎಲ್ಲ ಸರಿಯಾಗಿಯೇ ಇರುತ್ತಿತ್ತಂತೆ. ತಪ್ಪು ಹಿಡಿಯಲು ಏನೂ ಇರುತ್ತಿರಲಿಲ್ಲ. ಹೀಗೆ ಹನ್ನೊಂದು ವರ್ಷ.

ಚೆನ್ನಾಜಮ್ಮ ತೀರಿಕೊಂಡರು. ಕ್ರಿಯೆಯೆಲ್ಲ ಮುಗಿದು ನೆಂಟರು ಹೊರಟು ಎರಡು ವಾರವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಗುರುಮಲ್ಲಪ್ಪ ಸೌದೆಮನೆಗೆ ಬಂದು ನನ್ನನ್ನು ಎಳೆದ. ಜೇಡರ ಬಲೆ ಒರೆಸಿದ. ನಲ್ಲಿಯ ಕೆಳಗೆ ಇಟ್ಟು ಸೋಪು ಹಾಕಿ ತಾನೇ ತಿಕ್ಕಿದ. ಆ ಮನೆಯಲ್ಲಿ ಅವನು ತೊಳೆದ ಮೊದಲ ಪಾತ್ರೆ ನಾನೇ ಇರಬೇಕು. ಒಳಗೆ ತಂದು ಹೆಂಡತಿಯ ಮುಂದಿಟ್ಟು ಹಲ್ಲು ಕಿರಿದ.

"ದಾಕ್ಷಿ, ಇವತ್ತು ಮಾಡು. ಇನ್ನು ಕೇಳೋರು ಯಾರಿದಾರೆ? ಹಿತಕಿದ ಬೇಳೆದು ನೆನೆಸ್ಕೊಂಡ್ರೆ ಬಾಯಲ್ಲಿ ನೀರು ಬರುತ್ತೆ ಕಣೇ."

ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವತ್ತು ನಿಮ್ಮ ಬಾಯಿಂದ ಒಂದು ಮಾತು ಬೇಕಿತ್ತು ರೀ. ಅತ್ತೆ ಬಯ್ತಿದ್ರು. ನಾಲ್ಕು ದಿನ ಮುಖ ಊದಿಸ್ಕೊಂಡಿರ್ತಿದ್ರು. ಇಬ್ರೂ ಒಟ್ಟಿಗೆ ಬೈಸ್ಕೋಬಹುದಿತ್ತು."

"ಅಷ್ಟು ಸಣ್ಣ ವಿಷಯಾನ ಹನ್ನೊಂದು ವರ್ಷ ಹೊಟ್ಟೇಲಿ ಇಟ್ಕೊಂಡಿದೀಯಲ್ಲೇ!"

"ಹೂಂ, ಸಣ್ಣದೇ. ನನ್ನ ಹತ್ರ ಇದ್ದದ್ದೂ ಅಡುಗೆಯ ಆ ಸಣ್ಣ ಆಸೆ ಒಂದೇ." ಅವಳು ಹೆಚ್ಚಿದ ಹುರುಳಿಕಾಯಿಯನ್ನು ನೀರಿಗೆ ಹಾಕಿದಳು. "ಮಾಡೋಕೆ ಬರುತ್ತೆ. ಮಾಡ್ಬೇಕು ಅನ್ಸಲ್ಲ. ಈಗ ಏನು ಮಾಡೋಕೂ ಅನ್ಸಲ್ಲ ನಂಗೆ. ಸುಮ್ನೆ ಬೇಯಿಸಿ ಇಡ್ತೀನಿ, ನೀವು ಉಣ್ತೀರಿ."

ದನಿ ಏರಲಿಲ್ಲ, ಕಣ್ಣು ತುಂಬಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಗುರುಮಲ್ಲಪ್ಪ ಅಂಗಿ ಹಾಕಿಕೊಂಡು ಸ್ಕೂಟರು ಹತ್ತಿ ಎಲ್ಲಿಗೋ ಹೋದ, ಹೊಟ್ಟೆ ತುಂಬಿಸಿಕೊಂಡು ಬಂದ.

ಮಾರನೆಯ ವಾರ ಹಳೇ ಪಾತ್ರೆಯವನು ಬೀದಿಯಲ್ಲಿ ಕೂಗಿದಾಗ ದಾಕ್ಷಾಯಣಿಯೇ ನನ್ನನ್ನು ತಂದು ಅವನ ಚೀಲಕ್ಕೆ ಹಾಕಿದಳು. ಬದಲಿಗೆ ಏನು ಬೇಕಕ್ಕ ಅಂತ ಅವನು ಕೇಳಿದ. ಏನೂ ಬೇಡ ಅಂದಳು.

ಈಗ ಹುಣಸೂರು ರಸ್ತೆಯ ಗುಜರಿಯಲ್ಲಿ ಬಿದ್ದಿದ್ದೇನೆ. ಪಕ್ಕದಲ್ಲಿ ಹಾಲಿನ ಕ್ಯಾನು, ಮುರಿದ ಫ್ಯಾನು, ಯಾವುದೋ ಮಠದ ದೊಡ್ಡ ಕೊಳಗ. ಇಲ್ಲಿ ನೀನು ಏನು ಬೇಯಿಸಿದೆ ಅಂತ ಯಾರೂ ಯಾರನ್ನೂ ಕೇಳುವುದಿಲ್ಲ. ಇಂದೋ ನಾಳೆಯೋ ಎಲ್ಲರನ್ನೂ ಒಂದೇ ಕುಲುಮೆಗೆ ಹಾಕುತ್ತಾರಂತೆ. ಕರಗಿದ ಮೇಲೆ ನಾನು ಯಾರದೋ ಮಡಿ ಅಡುಗೆಮನೆಯ ಡಬರಿಯಾಗಬಹುದು, ಕೇರಿಯ ಹೋಟೆಲಿನ ಬಾಣಲೆಯಾಗಬಹುದು. ನನ್ನ ಚಿಂತೆ ನನಗಿಲ್ಲ. ಆ ದಾಕ್ಷಾಯಣಿಗೆ ಕರಗುವ ಯೋಗವೂ ಇಲ್ಲ. ನಾಳೆ ಬೆಳಿಗ್ಗೆ ಅವಳು ಎದ್ದು ಮುಖ ತೊಳೆದು, ಅವನಿಗೆ ಉಪ್ಪಿಟ್ಟು ಕೆದಕಬೇಕು.